ಕನ್ನಡ ಕರಾವಳಿ: ಬಿಸಿಲೂ ಮಳೆಯೂ

ಬಯಲುಸೀಮೆಯವರಾದ ನಾವು ಪಡುವಣ ಕರಾವಳಿಯನ್ನು ನೋಡಲು ಹೊರಡುವುದು ಸಾಮಾನ್ಯವಾಗಿ ಡಿಸೆಂಬರು ತಿಂಗಳ ರಜೆಯಲ್ಲಿ, ಇಲ್ಲವೆ ಮಕ್ಕಳ ಪರೀಕ್ಷೆಗಳು ಮುಗಿದ ಬೇಸಗೆಯಲ್ಲಿ. ಶಿರಾಡಿಯ ದಾರಿಯಾಗಿಯೋ ಆಗುಂಬೆಯ ತಿರುವುಗಳನ್ನು ಸುತ್ತಿಯೋ ಘಟ್ಟವನ್ನಿಳಿದು, ಅಡಕೆ ತೆಂಗುಗಳ ತೋಟಗಳ ನಡುವೆ ಸಾಗಿ, ಕಡಲ ಕರೆಯನ್ನು ಮುಟ್ಟಿದಾಗ ನಮ್ಮ ಕಣ್ಣಿಗೆ ಬೀಳುವುದು ಹೊಳೆಯುವ ಮರಳು, ನಿರ್ಮಲವಾದ ಆಕಾಶ, ಶಾಂತವಾದ ನೀಲಿಯ ನೀರು. ನಾಲ್ಕು ದಿನ ಅಲ್ಲಿದ್ದು, ದೇವಾಲಯಗಳನ್ನು ಸಂದರ್ಶಿಸಿ, ಸೂರ್ಯಾಸ್ತಮಾನವನ್ನು ಕಂಡು ಹಿಂದಿರುಗಿದ ಮೇಲೆ, ಅದು ಬಿಸಿಲಿನ ನಾಡೆಂದು ನಾವು ಸ್ನೇಹಿತರಿಗೆ ವರ್ಣಿಸುವುದುಂಟು. ಈ ಮಾತು ಸುಳ್ಳಲ್ಲ. ಆದರೆ ವರ್ಷದ ಒಂದು ಭಾಗಕ್ಕೆ ಮಾತ್ರ ಸಲ್ಲುವ ಮಾತು. ಆ ನಾಡಿನ ನೆಲವನ್ನೂ, ಬೆಳೆಯನ್ನೂ, ಬಂದರುಗಳನ್ನೂ, ಅರಸರ ಏಳುಬೀಳುಗಳನ್ನೂ ರೂಪಿಸಿದುದು ನಾವು ಅಲ್ಲಿ ಇಲ್ಲದಿದ್ದಾಗ ಸುರಿಯುವ ಮಳೆ. ಬಿಸಿಲನ್ನು ನೋಡಿ ಬಂದವರು ಮಳೆಯನ್ನೂ ಅರಿಯದಿದ್ದರೆ ಕರಾವಳಿಯನ್ನು ಕಂಡಂತಾಗುವುದಿಲ್ಲವೆಂಬುದನ್ನು ಈ ಭಾಷಣದಲ್ಲಿ ಶ್ರೋತೃಗಳ ಮುಂದಿಡಬೇಕೆಂದು ನಮ್ಮ ಅಪೇಕ್ಷೆ.

ಮೊದಲು ನೆಲದ ಆಕಾರವನ್ನು ನೋಡೋಣ. ಉತ್ತರದಲ್ಲಿ ಕಾರವಾರದಿಂದ ದಕ್ಷಿಣದಲ್ಲಿ ತಲಪಾಡಿಯವರೆಗೆ ಕರ್ಣಾಟಕದ ಕಡಲತೀರ ಸುಮಾರು 320 ಕಿಲೋಮೀಟರು ಉದ್ದವಾಗಿದೆ. ಇದರ ಪೂರ್ವಕ್ಕೆ ಸಹ್ಯಾದ್ರಿಯು ಗೋಡೆಯಂತೆ ನಿಂತಿದೆ. ಗೋಡೆಗೂ ನೀರಿಗೂ ನಡುವಣ ಪಟ್ಟಿಯೇ ಕರಾವಳಿ. ದಕ್ಷಿಣದಲ್ಲಿ ಈ ಪಟ್ಟಿ ಸಾಕಷ್ಟು ಅಗಲವಾಗಿದ್ದರೆ ಭಟ್ಕಳದ ಬಳಿ ಬಹಳ ಕಿರಿದಾಗುತ್ತದೆ. ಕಾರವಾರದ ಬಳಿ ಬೆಟ್ಟದ ಕವಲುಗಳು ನೇರವಾಗಿ ಸಮುದ್ರಕ್ಕೇ ಕಾಲು ಚಾಚಿವೆ. ನೇತ್ರಾವತಿ, ಗುರುಪುರ, ಶಾಂಭವಿ, ಸ್ವರ್ಣಾ, ಸೀತಾ, ವಾರಾಹಿ, ಸೌಪರ್ಣಿಕಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಮೊದಲಾದ ನದಿಗಳು ಈ ಪಟ್ಟಿಯನ್ನು ಅಡ್ಡಲಾಗಿ ಕತ್ತರಿಸಿಕೊಂಡು ಹರಿಯುತ್ತವೆ. ನಮ್ಮ ಕಾವೇರಿ ಕೃಷ್ಣೆಗಳು ಮೂಡಲಿಗೆ ನೂರಾರು ಮೈಲಿ ನಡೆದು ಕಡಲನ್ನು ಸೇರಿದರೆ, ಈ ನದಿಗಳಿಗೆ ಅಷ್ಟು ವ್ಯವಧಾನವಿಲ್ಲ. ನೇತ್ರಾವತಿಯ ಉದ್ದವೇ ಸುಮಾರು ನೂರು ಕಿಲೋಮೀಟರು. ಬೆಟ್ಟದಿಂದ ಧುಮುಕಿದ ನೀರು ಅತ್ಯಲ್ಪ ಕಾಲದಲ್ಲಿಯೇ ಉಪ್ಪುನೀರಾಗುತ್ತದೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಹಲವು ವಿಷಯಗಳು ತಾವಾಗಿಯೇ ಸ್ಪಷ್ಟವಾಗುವುವು.

ಜೂನ್ ತಿಂಗಳಲ್ಲಿ ಅರಬೀ ಸಮುದ್ರದ ಮೇಲಿಂದ ನೀರನ್ನು ಹೊತ್ತು ಬರುವ ನೈಋತ್ಯ ಮಾರುತವು ಸಹ್ಯಾದ್ರಿಗೆ ತಾಗಿ ಮೇಲೇರಿ, ತಣಿದು, ತನ್ನ ಹೊರೆಯನ್ನು ಇಳಿಸಿಬಿಡುತ್ತದೆ. ಮೈಸೂರಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರು. ಮಂಗಳೂರಿನಲ್ಲಿ ಅದು 3,500 ಮಿಲಿಮೀಟರಿಗೂ ಮೀರುತ್ತದೆ. ಘಟ್ಟದ ನೆತ್ತಿಯಾದ ಆಗುಂಬೆಯಲ್ಲಂತೂ ಇದರ ಇಮ್ಮಡಿಯ ಸಮೀಪಕ್ಕೆ ಹೋಗುತ್ತದೆ. ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಆಗ ಕಡಲು ಕೆರಳಿರುತ್ತದೆ. ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹಿಂದಿನ ಕಾಲದಲ್ಲಿ ಹಾಯಿಹಡಗುಗಳ ಸಂಚಾರವೇ ನಿಂತುಹೋಗುತ್ತಿತ್ತು. ತುಳುವರು ಬೇಸಗೆಯ ಕೊನೆಯಲ್ಲಿ ಪತ್ತನಾಜೆ ಎಂಬ ದಿನವನ್ನು ಎಣಿಸುತ್ತಾರೆ. ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಊರಿನ ಕೋಲ ನೇಮಗಳು ಮುಗಿಯುತ್ತವೆ. ಜನರು ಗದ್ದೆಗೆ ಇಳಿಯುತ್ತಾರೆ. ಮಳೆ ಹಿಂದೆಗೆದ ಮೇಲೆ ಮತ್ತೆ ಚೆಂಡೆಯ ಸದ್ದು ಕೇಳುತ್ತದೆ. ಅಲ್ಲಿಯ ಪಂಚಾಂಗವನ್ನು ಬರೆದುದು ಮಳೆಯೇ ಎಂದರೆ ಅತಿಶಯೋಕ್ತಿಯಲ್ಲ.

ಇಷ್ಟು ಮಳೆಯೂ ಅನಂತರದ ತೀವ್ರವಾದ ಬಿಸಿಲೂ ಒಂದಾದಮೇಲೊಂದರಂತೆ ಲಕ್ಷಾಂತರ ವರ್ಷಗಳ ಕಾಲ ಬಂಡೆಯ ಮೇಲೆ ಕೆಲಸಮಾಡಿದುದರ ಫಲವೇ ಕರಾವಳಿಯ ಕೆಂಪು ಕಲ್ಲು. ಕರಗುವ ಅಂಶಗಳೆಲ್ಲ ನೀರಿನೊಡನೆ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಅಂಶಗಳು ಉಳಿದು, ಜೇನುಹುಟ್ಟಿನಂತೆ ತೂತುತೂತಾದ ಕಲ್ಲು ಆಯಿತು. ಮಂಗಳೂರಿನ ಕಡೆ ಇದನ್ನು ಮುರಕಲ್ಲೆನ್ನುತ್ತಾರೆ, ಉತ್ತರದಲ್ಲಿ ಚಿರೆಕಲ್ಲೆನ್ನುತ್ತಾರೆ. ನೆಲದೊಳಗಿರುವಾಗ ಇದು ಮೆದುವಾಗಿ ಹಾರೆಗೆ ಬಗ್ಗುತ್ತದೆ; ಕಡಿದು ಹೊರಗಿಟ್ಟರೆ ಗಾಳಿಬಿಸಿಲಿಗೆ ಗಟ್ಟಿಯಾಗುತ್ತದೆ. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ಅಧಿಕಾರಿಯು ಇಂಥ ಕಲ್ಲಿಗೆ ಇಟ್ಟ ಲ್ಯಾಟರೈಟ್ ಎಂಬ ಹೆಸರನ್ನೇ ಇಂದಿಗೂ ಜಗತ್ತಿನ ಭೂವಿಜ್ಞಾನಿಗಳು ಬಳಸುತ್ತಿದ್ದಾರೆ. ಕೋಟೆ, ದೇವಾಲಯ, ಬಾವಿಕಟ್ಟೆ, ಮನೆ, ಎಲ್ಲಕ್ಕೂ ಕರಾವಳಿಯವರು ನೆಚ್ಚಿದ ಕಲ್ಲು ಇದೇ.

ನೆಲದ ಎತ್ತರತಗ್ಗುಗಳಿಗೆ ತಕ್ಕಂತೆ ರೈತರು ಭೂಮಿಯನ್ನು ಮೂರಾಗಿ ವಿಂಗಡಿಸಿದರು. ತಗ್ಗಿನಲ್ಲಿದ್ದು ನೀರು ನಿಲ್ಲುವ ಗದ್ದೆ ಬೈಲು. ಅದಕ್ಕಿಂತ ತುಸು ಮೇಲಿನದು ಮಜಲು. ಮಳೆಯನ್ನೇ ನಂಬಿದ ಮೇಲ್ನೆಲ ಬೆಟ್ಟು. ಬೆಟ್ಟಿನಲ್ಲಿ ವರ್ಷಕ್ಕೆ ಒಂದು, ಮಜಲಿನಲ್ಲಿ ಎರಡು, ಬೈಲಿನಲ್ಲಿ ಮೂರು ಬೆಳೆಗಳು. ಅವುಗಳಿಗೆ ಏಣೆಲು, ಸುಗ್ಗಿ, ಕೊಳಕೆ ಎಂಬ ಹೆಸರುಗಳು. ಮಳೆ ನಿಂತೊಡನೆ ಊರವರೆಲ್ಲ ಸೇರಿ ತೋಡುಗಳಿಗೆ ಕಲ್ಲುಮಣ್ಣಿನ ತಾತ್ಕಾಲಿಕ ಕಟ್ಟಗಳನ್ನು ಹಾಕಿ ಹರಿವ ನೀರನ್ನು ತಡೆದು ನಿಲ್ಲಿಸುತ್ತಿದ್ದರು. ಗುಡ್ಡದ ತಪ್ಪಲಲ್ಲಿ ಮಡಕಗಳೆಂಬ ಹೊಂಡಗಳಲ್ಲಿ ಮಳೆನೀರು ಇಂಗುತ್ತಿತ್ತು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು, ಒಬ್ಬ ಮನುಷ್ಯನು ಬಗ್ಗಿ ನಡೆಯುವಷ್ಟು ಸುರಂಗವನ್ನು ಮಾಡಿ, ಒಸರುವ ನೀರನ್ನು ತೋಟಕ್ಕೆ ತರುವ ವಿದ್ಯೆಯೂ ದಕ್ಷಿಣಭಾಗದಲ್ಲಿ ಬೆಳೆಯಿತು. ಉತ್ತರದಲ್ಲಿ ಅಘನಾಶಿನಿಯ ಅಳಿವೆಯ ಬಳಿ, ಉಪ್ಪುನೀರು ನುಗ್ಗುವ ಗಜನಿ ಭೂಮಿಯಲ್ಲಿ, ಕಗ್ಗವೆಂಬ ಬತ್ತವನ್ನು ಬೆಳೆದರು. ಹೀಗೆ ನೀರು ಹೆಚ್ಚಾದರೂ ಕಷ್ಟ, ಹರಿದುಹೋದರೂ ಕಷ್ಟ ಎಂಬ ಎರಡು ಭಯಗಳ ನಡುವೆ ಒಂದು ಸಮರ್ಥವಾದ ಬೇಸಾಯವು ನೆಲೆಗೊಂಡಿತು.

ಗದ್ದೆಯಿಂದ ಬಂದರಿಗೆ ಹೋಗೋಣ. ನದಿಯು ಸಮುದ್ರವನ್ನು ಸೇರುವೆಡೆಗೆ ಅಳಿವೆಯೆಂದು ಹೆಸರು. ಹೊರಗಿನ ಅಲೆಗಳಿಂದ ಮರೆಯಾದ, ಒಳನಾಡಿಗೆ ದೋಣಿಯಲ್ಲಿ ಹೋಗಲು ಅನುಕೂಲವಾದ ಅಳಿವೆಗಳೇ ಕರಾವಳಿಯ ಪ್ರಾಚೀನ ಬಂದರುಗಳು. ಮಂಗಳೂರು, ಬಾರಕೂರು, ಬಸರೂರು, ಭಟ್ಕಳ, ಹೊನ್ನಾವರ, ಮಿರ್ಜಾನ, ಇವೆಲ್ಲವೂ ನದಿಯ ಮಕ್ಕಳು. ಘಟ್ಟದ ಮೇಲಿನ ಮೆಣಸು, ಏಲಕ್ಕಿ, ಅಡಕೆಗಳೂ ಬೈಲಿನ ಅಕ್ಕಿಯೂ ಇಲ್ಲಿ ಹಡಗನ್ನೇರುತ್ತಿದ್ದುವು.

ಈ ವ್ಯಾಪಾರದ ಪ್ರಾಚೀನತೆಯನ್ನು ಕುರಿತು ಒಂದು ಕುತೂಹಲಕರವಾದ ಚರ್ಚೆಯುಂಟು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಪಪೈರಸ್ ಹಾಳೆಯೊಂದರಲ್ಲಿ ಗ್ರೀಕ್ ಪ್ರಹಸನವೊಂದಿದೆ. ಅದರ ಕಥೆ ನಡೆಯುವುದು ಹಿಂದೂದೇಶದ ಕಡಲತೀರದಲ್ಲಿ. ಅದರಲ್ಲಿನ ಕೆಲವು ಪರಭಾಷೆಯ ಮಾತುಗಳು ಕನ್ನಡವೆಂದು ಹುಲ್ಟ್ಜ್ ಎಂಬ ವಿದ್ವಾಂಸರು 1904ರಲ್ಲಿ ಅಭಿಪ್ರಾಯಪಟ್ಟರು; ಮಂಜೇಶ್ವರದ ಗೋವಿಂದ ಪೈಗಳೂ ಇದನ್ನು ವಿಚಾರಮಾಡಿದರು. ಈ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲವಾದುದರಿಂದ ನಾವು ಅದನ್ನು ಪ್ರಮಾಣವಾಗಿ ಹಿಡಿಯುವುದಿಲ್ಲ. ಆದರೆ ಹನ್ನೆರಡನೆಯ ಶತಮಾನಕ್ಕೆ ಬಂದರೆ ಸಂದೇಹಕ್ಕೆಡೆಯಿಲ್ಲದ ಪತ್ರಗಳೇ ಇವೆ. ಕೈರೋ ನಗರದ ಹಳೆಯ ಯಹೂದ್ಯ ಮಂದಿರವೊಂದರ ಕಾಗದಗಳ ರಾಶಿಯಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಪತ್ರಗಳು ದೊರೆತಿವೆ. ಉತ್ತರ ಆಫ್ರಿಕದಿಂದ ಬಂದ ಈತನು 1132ರಿಂದ 1149ರವರೆಗಿನ ಕಾಲದ ಬಹುಭಾಗವನ್ನು ಮಂಗಳೂರಿನ ಕಡೆಯಲ್ಲಿ ಕಳೆದನು. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನು ನಡೆಸಿದನು. ಆಶು ಎಂಬ ಈ ಸೀಮೆಯ ಹೆಣ್ಣನ್ನು ದಾಸ್ಯದಿಂದ ಬಿಡಿಸಿದನು. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ಊಹಿಸುತ್ತಾರೆ. ಏಡನ್ನಿನ ವರ್ತಕರು ಅವನಿಗೆ ಹಳೆಯ ತಾಮ್ರವನ್ನು ಕಳುಹಿಸಿ ಹೊಸ ಪಾತ್ರೆಗಳನ್ನು ಮಾಡಿಸಿಕೊಳ್ಳುತ್ತಿದ್ದರು. ಇನ್ನೂರು ವರ್ಷಗಳ ಅನಂತರ, 1342ರ ಸುಮಾರಿಗೆ, ಇಬ್ನ್ ಬತೂತನು ಈ ತೀರದಲ್ಲಿ ಪ್ರಯಾಣಮಾಡಿದನು. ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸಲ್ಮಾನರು ನೆಲಸಿದ್ದರೆಂದೂ, ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಪಾಠಶಾಲೆಗಳಿದ್ದುವೆಂದೂ ಅವನು ಬರೆದಿದ್ದಾನೆ. ಈ ಸಂಖ್ಯೆಗಳಲ್ಲಿ ಪ್ರವಾಸಿಯ ಔದಾರ್ಯವಿದ್ದರೂ ಇರಬಹುದು. ಆದರೆ ಪರದೇಶದವರು ಬಂದು ನೆಲಸಿ ಬಾಳುತ್ತಿದ್ದ ನಾಡು ಇದೆಂಬುದು ಸ್ಪಷ್ಟ.

ಈ ನಾಡನ್ನು ಬಹುಕಾಲ ಆಳಿದವರು ಆಳುಪರು. ಐದನೆಯ ಶತಮಾನದ್ದೆಂದು ಬಹುಮಂದಿ ವಿದ್ವಾಂಸರು ಹೇಳುವ ಹಲ್ಮಿಡಿಯ ಶಾಸನದಲ್ಲಿಯೇ ಅವರ ಹೆಸರನ್ನು ಗುರುತಿಸಿದ್ದಾರೆ. ಮಂಗಳೂರು, ಉದ್ಯಾವರ, ಬಾರಕೂರುಗಳು ಅವರ ರಾಜಧಾನಿಗಳಾಗಿದ್ದುವು. ಆಳುಪ ಅರಸನಾದ ಕುಂದವರ್ಮನು 968ರಲ್ಲಿ ಪ್ರತಿಷ್ಠೆಮಾಡಿಸಿದ ಲೋಕೇಶ್ವರನ ಲೋಹವಿಗ್ರಹವು ಕದ್ರಿಯ ಮಂಜುನಾಥ ದೇವಾಲಯದಲ್ಲಿ ಇಂದಿಗೂ ಇದೆ. ಬೌದ್ಧರ ಮೂರ್ತಿಯೊಂದು ಶೈವಕ್ಷೇತ್ರದಲ್ಲಿ ಗೌರವದಿಂದ ಉಳಿದುಬಂದಿರುವುದು ಗಮನಾರ್ಹ. ವಿಜಯನಗರದ ಕಾಲದಲ್ಲಿ ಭಟ್ಕಳದ ಬಂದರಿನಿಂದ ಅರಬೀ ಕುದುರೆಗಳು ಘಟ್ಟವನ್ನೇರುತ್ತಿದ್ದುವು. ವ್ಯಾಪಾರದಿಂದ ಬಂದ ಐಶ್ವರ್ಯವು ಜೈನ ಅರಸರ ಮತ್ತು ಶ್ರೇಷ್ಠಿಗಳ ಕೈಯಲ್ಲಿ ಕಲೆಯಾಯಿತು. ಮೂಡಬಿದಿರೆಯ ಸಾವಿರಕಂಬದ ಬಸದಿಯ ನಿರ್ಮಾಣ 1430ರಲ್ಲಿ. ಕಾರ್ಕಳದ ಗೊಮ್ಮಟನ ಪ್ರತಿಷ್ಠೆ 1432ರಲ್ಲಿ. ವೇಣೂರಿನ ಗೊಮ್ಮಟ 1604ರಲ್ಲಿ. ಮೂಡಬಿದಿರೆಯ ಬಸದಿಗಳ ಇಳಿಜಾರಾದ, ಅಂತಸ್ತುಗಳುಳ್ಳ ಮಾಡುಗಳನ್ನು ಕಂಡವರು ಅದನ್ನು ನೇಪಾಳದ ಶೈಲಿಗೆ ಹೋಲಿಸುವುದುಂಟು. ಅಷ್ಟು ದೂರ ಹೋಗಬೇಕಾಗಿಲ್ಲ. ಮಳೆ ಸುರಿಯುವ ನಾಡಿನಲ್ಲಿ ನೀರು ಜಾರಿಹೋಗುವ ಮಾಡನ್ನು ಕಟ್ಟದೆ ಬೇರೆ ದಾರಿಯಿಲ್ಲ.

1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಈ ಸಮುದ್ರಕ್ಕೆ ಬಂದವು. ಪೋರ್ಚುಗೀಸರು ಬಯಸಿದುದು ಮೆಣಸು ಮಾತ್ರವಲ್ಲ. ಗೋವೆಯ ಜನರಿಗೆ ಕರಾವಳಿಯ ಅಕ್ಕಿಯೂ ಬೇಕಾಗಿತ್ತು. ಅವರು ಅಳಿವೆಗಳನ್ನು ಹಿಡಿದು ಕೋಟೆ ಕಟ್ಟಲು ಯತ್ನಿಸಿದರು, ನಾಡಿನವರು ಎದುರಿಸಿದರು. ಆ ಎದುರಿಸಿದವರಲ್ಲಿ ರಾಣಿಯರು ಮುಂದಾಗಿದ್ದುದು ಕರಾವಳಿಯ ಇತಿಹಾಸದ ವಿಶೇಷ. ಉಳ್ಳಾಲದ ಅಬ್ಬಕ್ಕರಾಣಿಯ ಹೆಸರನ್ನು ಅರಿಯದವರಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. 1623ರಲ್ಲಿ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಇಟಲಿಯ ಪ್ರವಾಸಿಯು ಉಳ್ಳಾಲದ ರಾಣಿಯನ್ನು ಕಾಣಲು ಹೋದಾಗ, ಆಕೆ ಸಿಂಹಾಸನದ ಮೇಲಿರಲಿಲ್ಲ. ಸಾಮಾನ್ಯವಾದ ಬಟ್ಟೆಯುಟ್ಟು, ಬರಿಗಾಲಿನಲ್ಲಿ, ತಾನು ಮಾಡಿಸುತ್ತಿದ್ದ ಅಗೆತದ ಕೆಲಸವನ್ನು ನೋಡಿಕೊಳ್ಳುತ್ತ ಬೀದಿಯಲ್ಲಿ ನಡೆದು ಬರುತ್ತಿದ್ದಳು. ಮಣ್ಣಿನ ಕೆಲಸವನ್ನು ಅರಸರೇ ಮುಂದೆ ನಿಂತು ಮಾಡಿಸುತ್ತಿದ್ದ ನಾಡು ಅದು. 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕನು ಪೋರ್ಚುಗೀಸರ ಕೋಟೆಗಳನ್ನು ಕಿತ್ತುಕೊಂಡನು. 1665ರಲ್ಲಿ ಶಿವಾಜಿಯು ಹಡಗುಗಳಲ್ಲಿ ಬಂದು ಬಸರೂರನ್ನು ಸೂರೆಮಾಡಿದನು. ಹೈದರನೂ ಟಿಪ್ಪುವೂ ಮಂಗಳೂರಿಗಾಗಿ ಇಂಗ್ಲಿಷರೊಡನೆ ಹೋರಾಡಿದರು. 1784ರ ಒಪ್ಪಂದಕ್ಕೆ ಆ ಊರಿನ ಹೆಸರೇ ನಿಂತಿತು. 1799ರಲ್ಲಿ ಕರಾವಳಿಯು ಇಂಗ್ಲಿಷರ ವಶವಾಯಿತು. 1862ರಲ್ಲಿ ಕನ್ನಡ ಜಿಲ್ಲೆಯನ್ನು ಎರಡಾಗಿ ಸೀಳಿ ಉತ್ತರಭಾಗವನ್ನು ಮುಂಬಯಿಗೆ ಕೊಟ್ಟು, ದಕ್ಷಿಣಭಾಗವನ್ನು ಮದರಾಸಿನಲ್ಲಿಯೇ ಉಳಿಸಿಕೊಂಡರು. ಇವೆರಡೂ ಮತ್ತೆ ಒಂದೇ ಆಡಳಿತಕ್ಕೆ ಬಂದುದು 1956ರಲ್ಲಿ.

ಹೀಗೆ ಸೀಳಿಹೋದ ಕಾಲದಲ್ಲಿಯೂ ಕನ್ನಡಕ್ಕೆ ಈ ನಾಡು ಮಾಡಿದ ಉಪಕಾರ ದೊಡ್ಡದು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತುಗಳನ್ನಾಡುವ ಜನರ ನಡುವೆ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುದ್ರಣಾಲಯವನ್ನು ಸ್ಥಾಪಿಸಿದರು. ಹೆರ್ಮನ್ ಮೊಗ್ಲಿಂಗ್ 1843ರಲ್ಲಿ ಹೊರಡಿಸಿದ ಮಂಗಳೂರ ಸಮಾಚಾರವು ಕನ್ನಡದ ಮೊದಲ ವೃತ್ತಪತ್ರಿಕೆ. ಕಿಟ್ಟೆಲರ ಮಹಾನಿಘಂಟು ಅಚ್ಚಾದುದು ಅಲ್ಲಿಯೇ, 1894ರಲ್ಲಿ. ಅದೇ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ನದಿಯ ದಂಡೆಯ ಜೇಡಿಮಣ್ಣಿನಿಂದ ಹೆಂಚುಗಳನ್ನು ಮಾಡುವ ಕಾರ್ಖಾನೆಯನ್ನು ಆರಂಭಿಸಿದನು. ನಮ್ಮ ಮೈಸೂರಿನ ಎಷ್ಟೋ ಮನೆಗಳ ಮೇಲೆ ಮಂಗಳೂರು ಹೆಂಚುಗಳಾಗಿ ಕುಳಿತಿರುವುದು ಘಟ್ಟದ ಮಳೆಯು ಹೊತ್ತುತಂದ ಆ ಮಣ್ಣೇ.

ಈಗ ಪ್ರೇಕ್ಷಣೀಯ ಸ್ಥಳಗಳ ಮಾತು. ದಕ್ಷಿಣದಿಂದ ಹೊರಡುವವರು ಮಂಗಳೂರಿನಲ್ಲಿ ಕದ್ರಿಯನ್ನೂ, 1899ರಿಂದ 1901ರವರೆಗೆ ಅಂತೋನಿಯೊ ಮೊಸ್ಕೇನಿ ಎಂಬ ಇಟಲಿಯ ಚಿತ್ರಕಾರನು ಗೋಡೆ ಮಾಡುಗಳ ತುಂಬ ಚಿತ್ರಿಸಿದ ಸಂತ ಅಲೋಷಿಯಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನೂ ನೋಡಬೇಕು. ಮೂಡಬಿದಿರೆ ಕಾರ್ಕಳಗಳ ಮೇಲೆ ಉಡುಪಿಗೆ ಬಂದು, ಕೃಷ್ಣದರ್ಶನವಾದ ಮೇಲೆ ಮಲ್ಪೆಯಿಂದ ದೋಣಿಯಲ್ಲಿ ಸಂತ ಮೇರಿಯ ದ್ವೀಪಗಳಿಗೆ ಹೋಗಬಹುದು. ಅಲ್ಲಿ ಕರಗಿದ ಶಿಲೆಯು ತಣಿಯುವಾಗ ಬಹುಕೋನದ ಕಂಬಗಳಾಗಿ ಬಿರಿದು ನಿಂತಿದೆ. ಹಿಂದೂದೇಶದ ನೆಲವೂ ಮಡಗಾಸ್ಕರವೂ ಬೇರ್ಪಟ್ಟ ಕಾಲದ ಈ ಬಂಡೆಗಳಿಗೆ ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷಗಳ ವಯಸ್ಸೆಂದು ಭೂವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಬಾರಕೂರು ಇಂದು ಸಣ್ಣ ಊರು. ಅಲ್ಲಿಯ ದೇವಾಲಯಗಳೂ ಕತ್ತಲೆ ಬಸದಿಯೂ ರಾಜಧಾನಿಯ ನೆನಪನ್ನು ಕಾಪಾಡಿವೆ. ಮುಂದೆ ಕೋಟ. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದುದು ಇಲ್ಲಿ. ಕಡಲಿಗೂ ಹೊಳೆಗೂ ನಡುವೆ ಸಿಕ್ಕಿದ ಬಡ ಸಂಸಾರವೊಂದರ ಮೂರು ತಲೆಮಾರುಗಳ ಬಾಳನ್ನು ತಿಳಿಯಬೇಕೆನ್ನುವವರು ಅವರ ಮರಳಿ ಮಣ್ಣಿಗೆ ಕಾದಂಬರಿಯನ್ನು ಓದಿಕೊಂಡು ಹೋಗುವುದು ಒಳ್ಳೆಯದು. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ. ಅಲ್ಲಿಂದ ಮುಂದಕ್ಕೆ ಭಟ್ಕಳ, ಹೊನ್ನಾವರ, ಮುರಕಲ್ಲಿನ ಮಿರ್ಜಾನ ಕೋಟೆ, ಗೋಕರ್ಣ, 1930ರ ಉಪ್ಪಿನ ಸತ್ಯಾಗ್ರಹಕ್ಕೆ ಹೆಸರಾದ ಅಂಕೋಲೆ. ಕೊನೆಗೆ ಕಾರವಾರ. ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ, ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣನ ಮನೆಯಲ್ಲಿ ಕೆಲಕಾಲ ನಿಂತು ನಾಟಕವನ್ನು ಬರೆದುದು ಇಲ್ಲಿಯೇ.

ಇಷ್ಟೆಲ್ಲವನ್ನೂ ನೋಡಿದವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳಬೇಕು. ಅಷ್ಟು ಪ್ರಸಿದ್ಧವಾಗಿದ್ದ ಬಂದರುಗಳು ಏಕೆ ಮಲಗಿದುವು? ರಾಜಕೀಯ ಕಾರಣಗಳ ಜೊತೆಗೆ ನದಿಯೂ ಒಂದು ಕಾರಣ. ಮಳೆಗಾಲದಲ್ಲಿ ಹೊಳೆ ತಂದ ಹೂಳನ್ನೂ ಅಲೆ ತಳ್ಳಿದ ಮರಳನ್ನೂ ಅಳಿವೆಯ ಬಾಯಿ ನುಂಗಲಾರದೆ, ಅಲ್ಲಿ ದಿಬ್ಬವೇಳುತ್ತದೆ. ಚಿಕ್ಕ ಹಾಯಿಹಡಗು ಅದನ್ನು ದಾಟೀತು. ದೊಡ್ಡ ಉಗಿಹಡಗಿಗೆ ಸಾಧ್ಯವಿಲ್ಲ. ಮಂಗಳೂರಿನ ಹಳೆಯ ಬಂದರಿನಲ್ಲಿಯೂ ದೊಡ್ಡ ಹಡಗುಗಳು ದೂರದಲ್ಲಿಯೇ ಲಂಗರುಹಾಕಬೇಕಾಗಿತ್ತು. ಆದುದರಿಂದಲೇ ಪಣಂಬೂರಿನಲ್ಲಿ ಅಳಿವೆಯನ್ನು ಬಿಟ್ಟು, ನೆಲವನ್ನು ಅಗೆದು ಹೊಸ ಬಂದರನ್ನು ಮಾಡಬೇಕಾಯಿತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳಲ್ಲೊಂದೆಂದು ಘೋಷಿತವಾಯಿತು. ಅದೇ ನೇತ್ರಾವತಿಯು 1923ರಲ್ಲಿಯೂ 1974ರಲ್ಲಿಯೂ ಉಕ್ಕಿ ಬಂಟ್ವಾಳ ಪಾಣೆಮಂಗಳೂರುಗಳನ್ನು ಮುಳುಗಿಸಿದುದನ್ನು ಹಿರಿಯರಿಂದ ಕೇಳಿದವರು ಅಲ್ಲಿ ಇಂದಿಗೂ ಇದ್ದಾರೆ.

ಇನ್ನೊಂದು ಪ್ರಶ್ನೆ ಇದಕ್ಕಿಂತಲೂ ಗಂಭೀರವಾದುದು. ಮೂರೂವರೆ ಸಾವಿರ ಮಿಲಿಮೀಟರು ಮಳೆ ಬೀಳುವ ಮಂಗಳೂರಿನಲ್ಲಿ 2016ರ ಮತ್ತು 2019ರ ಬೇಸಗೆಗಳಲ್ಲಿ ಕುಡಿಯುವ ನೀರನ್ನು ಸರದಿಯ ಮೇಲೆ ಹಂಚಬೇಕಾಯಿತು. ತುಂಬೆಯ ಅಣೆಕಟ್ಟಿನಲ್ಲಿ ನೀರು ತಳಮುಟ್ಟಿತ್ತು. ಜುಲೈಯಲ್ಲಿ ದಂಡೆ ಮೀರಿ ಹರಿಯುವ ಹೊಳೆಯು ಮೇ ತಿಂಗಳಲ್ಲಿ ಊರಿನ ಬಾಯಾರಿಕೆಯನ್ನು ತಣಿಸಲಾರದು! ನಾವು ಮೊದಲು ಹೇಳಿದ ಸಂಗತಿಯನ್ನು ಇಲ್ಲಿ ನೆನೆಯಬೇಕು: ನದಿಗಳು ಗಿಡ್ಡ, ಇಳಿಜಾರು ಕಡಿದು, ಕಲ್ಲು ತೂತು. ನೀರನ್ನು ಯಾರೂ ನಿಲ್ಲಿಸದಿದ್ದರೆ ಅದು ನಿಲ್ಲುವುದಿಲ್ಲ. ಹಿಂದೆ ಅದನ್ನು ನಿಲ್ಲಿಸುತ್ತಿದ್ದುವು ಬೈಲಿನ ಗದ್ದೆಗಳು, ತೋಡಿನ ಕಟ್ಟಗಳು, ಗುಡ್ಡದ ಮಡಕಗಳು. ಗದ್ದೆಗಳು ಪಾಳುಬಿದ್ದು ಅಥವಾ ನಿವೇಶನಗಳಾಗಿ, ಕಟ್ಟ ಹಾಕುವ ಕೈಗಳು ನಗರಗಳಿಗೆ ಹೋಗಿ, ಮಡಕಗಳು ಮುಚ್ಚಿಹೋದಂತೆಲ್ಲ ಮಳೆಯು ಹಿಂದಿನಂತೆಯೇ ಬೀಳುತ್ತಿದ್ದರೂ ನೆಲದಲ್ಲಿ ಉಳಿಯುವ ನೀರು ಕಡಿಮೆಯಾಗುತ್ತದೆ. ಬಾವಿಗಳು ಬೇಗ ಬತ್ತುತ್ತವೆ. ಕೆಲವು ಹಳ್ಳಿಗಳ ಜನ ಇದನ್ನರಿತು ಮತ್ತೆ ಕಟ್ಟಗಳನ್ನು ಹಾಕತೊಡಗಿರುವುದು ಸಂತೋಷದ ವಿಷಯ.

ಕರಾವಳಿಯ ಇತಿಹಾಸವನ್ನು ಅರಸರ ವಂಶಾವಳಿಯಾಗಿ ಓದಬಹುದು. ಹಡಗುಗಳ ಕಥೆಯಾಗಿಯೂ ಓದಬಹುದು. ಆದರೆ ಅವೆರಡಕ್ಕೂ ಅಡಿಯಲ್ಲಿರುವುದು, ನಾಲ್ಕು ತಿಂಗಳ ನೀರನ್ನು ಹನ್ನೆರಡು ತಿಂಗಳಿಗೆ ಒದಗಿಸಿಕೊಂಡ ಸಾಮಾನ್ಯ ರೈತರ ಜಾಣ್ಮೆ. ಹೊನ್ನಾವರದ ಪಾಠಶಾಲೆಗಳೂ ಮೂಡಬಿದಿರೆಯ ಕಂಬಗಳೂ ಆ ಅನ್ನದ ಮೇಲೆಯೇ ನಿಂತುವು. ಮುಂದಿನ ರಜೆಯಲ್ಲಿ ಅಲ್ಲಿಗೆ ಹೋಗುವವರು ಕಡಲ ಕರೆಯಲ್ಲಿ ಬಿಸಿಲು ಕಾಯಿಸಿಕೊಂಡ ಮೇಲೆ ಒಂದು ಗಳಿಗೆ ಒಳನಾಡಿಗೆ ನಡೆದು, ಯಾವುದಾದರೊಂದು ತೋಡಿನ ಕಟ್ಟದ ಮೇಲೆ ನಿಂತು ನೋಡಲಿ. ಸಾಧ್ಯವಾದರೆ ಒಮ್ಮೆ ಆಷಾಢದಲ್ಲಿಯೇ ಹೋಗಲಿ. ಕೊಡೆ ಮಾತ್ರ ಗಟ್ಟಿಯಾಗಿರಬೇಕು.